ಪ್ರೆಸ್ಸಿನ ಆರು ಕಂಪ್ಯೂಟರ್, ಒಂದು ಬ್ಯಾಕಪ್: ಡಿ$ ಬಾಗಿಲಿಂದ ಒಳಗೆ ಹೋಗಿ ಬಂದ ಕೆಲಸ

ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೆ ಕಡಿಮೆ ಇಲ್ಲ. ಅದರಲ್ಲೊಂದು ನಮ್ಮ ಮನೆಯ ಹತ್ತಿರವೇ ಇದೆ, ಅದರ ಮಾಲೀಕರನ್ನು ನಾನು ಚಿಕ್ಕವನಿದ್ದಾಗಿಂದ ಕಾಕಾ ಅಂತಲೇ ಕರೆಯೋದು. ಹೋದ ಮಳೆಗಾಲದಲ್ಲಿ ಅಲ್ಲಿನ ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಕ್ ಟಕ್ ಅಂದು ನಿಂತುಹೋಯಿತು. ಅದರೊಳಗೆ ಒಂದು ಸ್ಮರಣ ಸಂಚಿಕೆಯ 140 ಪುಟ ಇದ್ದವು. ಎರಡು ಸಲ ಪ್ರೂಫ್ ತಿದ್ದಿ ಮುಗಿದಿತ್ತು, ಅಚ್ಚಿಗೆ ಹೋಗೋದೊಂದೇ ಬಾಕಿ. ಬೇರೆಲ್ಲೂ ಕಾಪಿ ಇರಲಿಲ್ಲ. ಪ್ರೂಫ್ ಹಾಳೆಗಳನ್ನು ಎದುರಿಗಿಟ್ಟುಕೊಂಡು ಇಬ್ಬರು ಒಂಬತ್ತು ದಿನ ಮತ್ತೆ ಟೈಪ್ ಮಾಡಿದರು.

ಆಮೇಲೆ ಕಾಕಾ ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ಇನ್ನೊಮ್ಮೆ ಹಿಂಗ ಆಗಬಾರದು ನೋಡು. ಹುಡುಗರಿಗೆ ದಿನಾ ಕಾಪಿ ಮಾಡ್ರಿ ಅಂದ್ರ ಎರಡ್ ದಿನ ಮಾಡ್ತಾರ, ಮೂರನೇ ದಿನ ಮರೀತಾರ."

ಅದು ನಿಜ. ಅವರ ತಪ್ಪೂ ಅಲ್ಲ, ಮದುವೆ ಸೀಸನ್ನಿನಲ್ಲಿ ಊಟಕ್ಕೇ ಪುರಸೊತ್ತಿರೋದಿಲ್ಲ. ಹಾಗಾಗಿ ಯಾರೂ ಏನೂ ನೆನಪಿಟ್ಟುಕೊಳ್ಳಬೇಕಾಗದಂತೆ, ಮೂಲೆಯಲ್ಲಿರುವ ಒಂದು ಹಳೇ ಕಂಪ್ಯೂಟರ್ ತಾನಾಗಿಯೇ ಎಲ್ಲರ ಕೆಲಸವನ್ನು ಎಳೆದುಕೊಳ್ಳಬೇಕು ಅಂತ ಹೊರಟೆ. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಮಾಡಬೇಕು.

ಮೊದಲು ಏನಿತ್ತು

ಡಿಟಿಪಿಗೆ, ಅಂದರೆ ಟೈಪ್ ಮಾಡಿ ಪುಟ ಜೋಡಿಸುವ ಕೆಲಸಕ್ಕೆ, ಐದು ಕಂಪ್ಯೂಟರ್. ನಾಲ್ಕರಲ್ಲಿ ವಿಂಡೋಸ್ 10, ಐದನೆಯದರಲ್ಲಿ ವಿಂಡೋಸ್ 7, ಯಾಕೆಂದರೆ ಪುಟ ಜೋಡಿಸುವ ಹಳೇ ಪೇಜ್‌ಮೇಕರ್ ಅದರಲ್ಲಿ ಚೆನ್ನಾಗಿ ನಡೆಯುತ್ತದೆ ಅಂತ ಯಾರೂ ಮುಟ್ಟಿಲ್ಲ. ಕೌಂಟರಿನಲ್ಲಿ ಬಿಲ್ಲಿಗೆ ಒಂದು ವಿಂಡೋಸ್ 11. ಇವಲ್ಲದೆ ಸ್ಟಿಕ್ಕರ್ ಕತ್ತರಿಸುವ ಪ್ಲಾಟರಿಗೆ ಕಟ್ಟಿಹಾಕಿರುವ ಒಂದು ಎಕ್ಸ್‌ಪಿ. ಎಲ್ಲದರಲ್ಲೂ ಡಿ ಡ್ರೈವ್ ಇದೆ. ಕೆಲಸ ಮಾತ್ರ ಒಬ್ಬೊಬ್ಬರು ಒಂದೊಂದು ಕಡೆ ಇಡುತ್ತಾರೆ, ಡೆಸ್ಕ್‌ಟಾಪ್ ಮೇಲೆ ಒಂದಿಷ್ಟು, ಡಿಯಲ್ಲಿ ಒಂದಿಷ್ಟು.

ಎರಡು ಕಂಪ್ಯೂಟರಿನಲ್ಲಿ ಹಿಂದೆ ಯಾರೋ ಪೂರ್ತಿ ಡಿ ಡ್ರೈವನ್ನೇ ಎವರಿವನ್, ಫುಲ್ ಕಂಟ್ರೋಲ್ ಅಂತ ಶೇರ್ ಮಾಡಿ ಹೋಗಿದ್ದರು. ಅಂದರೆ ಆ ನೆಟ್‌ವರ್ಕಿಗೆ ಸೇರಿದ ಯಾವ ಕಂಪ್ಯೂಟರಿಂದ ಬೇಕಾದರೂ ಅಲ್ಲಿನ ಫೈಲ್ ಅಳಿಸಬಹುದು. ಕೀಲಿ ಇಲ್ಲದ ಅಂಗಡಿ ಇದ್ದಂತೆ. ಉಳಿದ ಕಂಪ್ಯೂಟರಿಗೂ ಹಾಗೆಯೇ ಮಾಡೋದು ನನಗೆ ಸರಿ ಅನ್ನಿಸಲಿಲ್ಲ. ಆಗ ನೆನಪಾದದ್ದು ವಿಂಡೋಸ್ ತಾನೇ ಇಟ್ಟುಕೊಂಡಿರುವ ಅಡ್ಮಿನ್ ಶೇರ್‌ಗಳು.

ನಿಮ್ಮ ಕಂಪ್ಯೂಟರಿನಲ್ಲೂ ಇವೆ. ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್ ಶೇರ್ ಅಂತ ಹೊಡೆದು ನೋಡಿ. ಸಿ$, ಡಿ$, ಅಡ್ಮಿನ್$, ಐಪಿಸಿ$ ಅಂತ ಸಾಲಾಗಿ ಬರುತ್ತವೆ. ನೀವು ಯಾವತ್ತೂ ಏನನ್ನೂ ಶೇರ್ ಮಾಡಿಲ್ಲದಿದ್ದರೂ ಬರುತ್ತವೆ. ವಿಂಡೋಸ್ ಎನ್‌ಟಿ ಕಾಲದಿಂದ ಬಂದದ್ದು ಇದು. ಪ್ರತಿ ಡ್ರೈವಿಗೆ ಒಂದು, ವಿಂಡೋಸ್ ಫೋಲ್ಡರಿಗೆ ಅಡ್ಮಿನ್$, ಕಂಪ್ಯೂಟರ್‌ಗಳು ಒಳಗೊಳಗೆ ಮಾತಾಡಿಕೊಳ್ಳಲು ಐಪಿಸಿ$. ಕೊನೆಯ $ ಗುರುತಿನ ಅರ್ಥ ಇಷ್ಟೇ, ನೆಟ್‌ವರ್ಕ್ ಪಟ್ಟಿಯಲ್ಲಿ ಈ ಹೆಸರು ತೋರಿಸಬೇಡ ಅಂತ. ಅದು ಬೀಗ ಅಲ್ಲ, ಪರದೆ. ಬೀಗ ಬೇರೆ ಇದೆ: ಆ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಗುಂಪಿನವರಿಗಷ್ಟೇ ಒಳಗೆ ಪ್ರವೇಶ. ನೆಟ್ ಶೇರ್ ಡಿಲೀಟ್ ಮಾಡಿ ತೆಗೆದರೂ ಮತ್ತೆ ಆನ್ ಮಾಡಿದಾಗ ಸರ್ವರ್ ಸರ್ವಿಸ್ ಅವನ್ನು ತಾನೇ ಹುಟ್ಟಿಸುತ್ತದೆ. ನಾನು ಪರೀಕ್ಷೆ ಮಾಡಿ ನೋಡಿದೆ, ನಿಜವಾಗಲೂ ವಾಪಸ್ ಬಂದವು.

ಕಾಕಾ ಮತ್ತು ಅಲ್ಲಿ ಕೆಲಸ ಮಾಡುವವರನ್ನೆಲ್ಲ ಕೇಳಿಯೇ ಶುರು ಮಾಡಿದೆ. ಹೀಗೆ ಬಾಗಿಲಿದೆ ಅಂತ ಗೊತ್ತಾದ ಮಾತ್ರಕ್ಕೆ ಬೇರೆಯವರ ಕಂಪ್ಯೂಟರಿಗೆ ನುಗ್ಗೋ ಹಾಗಿಲ್ಲ, ಅಲ್ವಾ.

ಶನಿವಾರ ಸಂಜೆ

ಮೊದಲು ಎಲ್ಲದಕ್ಕೂ ನೆಟ್ಟಗಿನ ಹೆಸರು ಕೊಟ್ಟೆ. ಡಿಟಿಪಿ1ರಿಂದ ಡಿಟಿಪಿ5, ಕೌಂಟರ್. ರೂಟರಿನಲ್ಲಿ ಪ್ರತಿಯೊಂದಕ್ಕೂ ಖಾಯಂ ಐಪಿ ಕಟ್ಟಿಟ್ಟೆ. ಆಮೇಲೆ ಮೂಲೆಯ ಕಂಪ್ಯೂಟರಿನಲ್ಲಿ ಕೂತು ವಿಳಾಸದ ಜಾಗದಲ್ಲಿ \\ಡಿಟಿಪಿ1\ಡಿ$ ಅಂತ ಹೊಡೆದೆ.

ಎರರ್ 53. ದಾರಿಯೇ ಸಿಗುತ್ತಿಲ್ಲ ಅಂತ ಅರ್ಥ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಹಾಕಿ ಫೈಲ್ ಶೇರಿಂಗ್ ನಡೆಯುವ 445ನೇ ಪೋರ್ಟ್ ನೋಡಿದರೆ ಮುಚ್ಚಿದೆ. ಕಾರಣ ಸಣ್ಣದು: ಆ ಕಂಪ್ಯೂಟರಿನಲ್ಲಿ ನೆಟ್‌ವರ್ಕನ್ನು ಪಬ್ಲಿಕ್ ಅಂತ ಗುರುತಿಸಿತ್ತು, ಬಸ್ ಸ್ಟ್ಯಾಂಡ್ ವೈಫೈಗೆ ಇರಬೇಕಾದ ಫೈರ್‌ವಾಲ್ ಇಲ್ಲಿಗೂ ಬಿದ್ದಿತ್ತು. ಪ್ರೈವೇಟ್ ಮಾಡಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿದ ಮೇಲೆ ಪೋರ್ಟ್ ತೆರೆಯಿತು. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡುವ ಸಲಹೆ ಎಲ್ಲ ಕಡೆ ಸಿಗುತ್ತದೆ, ದಯವಿಟ್ಟು ಅದನ್ನು ಮಾಡಬೇಡಿ. ಆ ನಿಯಮದಲ್ಲಿ ಬ್ಯಾಕಪ್ ಕಂಪ್ಯೂಟರಿನ ಐಪಿಯಿಂದ ಬಂದರೆ ಮಾತ್ರ ಬಿಡು ಅಂತ ಬರೆಯಬಹುದು. ನಾನು ಕೊನೆಗೆ ಹಾಗೆಯೇ ಮಾಡಿದೆ.

ಡಿಟಿಪಿ4ರಲ್ಲಿ ಎರರ್ 1327. ಅಲ್ಲಿನ ಹುಡುಗ ಪಾಸ್‌ವರ್ಡೇ ಇಟ್ಟಿರಲಿಲ್ಲ. ಖಾಲಿ ಪಾಸ್‌ವರ್ಡ್ ಇರುವ ಖಾತೆಯಿಂದ ಎದುರಿಗೆ ಕೂತು ಲಾಗಿನ್ ಆಗಬಹುದು, ನೆಟ್‌ವರ್ಕಿನಿಂದ ಮಾತ್ರ ಆಗೋದಿಲ್ಲ. ವಿಂಡೋಸ್ ಬೇಕಂತಲೇ ಹಾಗೆ ಇಟ್ಟಿದೆ. ಕೌಂಟರಿನಲ್ಲಿ 1326: ಕಾಕಾ ದಿನಾ ನಾಲ್ಕಂಕಿಯ ಪಿನ್ ಹೊಡೆಯುತ್ತಾರೆ, ಅದನ್ನೇ ನನಗೆ ಹೇಳಿದ್ದರು. ಪಿನ್ ಆ ಒಂದು ಮೆಷಿನ್ನಿಗಷ್ಟೇ ಸೀಮಿತ, ನೆಟ್‌ವರ್ಕಿನಿಂದ ಬರುವಾಗ ನಿಜವಾದ ಪಾಸ್‌ವರ್ಡೇ ಬೇಕು. ಈ ಗೋಜಲೇ ಬೇಡ ಅಂತ ಪ್ರತಿ ಕಂಪ್ಯೂಟರಿನಲ್ಲೂ ನಿಗಾ ಅನ್ನುವ ಒಂದು ಲೋಕಲ್ ಅಡ್ಮಿನ್ ಖಾತೆ ಮಾಡಿದೆ, ನೆಟ್ ಯೂಸರ್ ಕಮಾಂಡಿನಿಂದ.

ಅಷ್ಟು ಮಾಡಿ ಮತ್ತೆ ಪ್ರಯತ್ನಿಸಿದರೆ ಎರರ್ 1219. ಒಂದೇ ಕಂಪ್ಯೂಟರಿಗೆ ಎರಡು ಬೇರೆ ಹೆಸರಿನಲ್ಲಿ ಒಟ್ಟಿಗೆ ಹೋಗುವಂತಿಲ್ಲ, ಹಳೇ ಸಂಪರ್ಕ ಇನ್ನೂ ತೆರೆದಿತ್ತು. ನೆಟ್ ಯೂಸ್ ಹಾಕಿ ಪಟ್ಟಿ ನೋಡಿ, ಎಲ್ಲ ಡಿಲೀಟ್ ಮಾಡಿದ ಮೇಲೆ ಸರಿಹೋಯಿತು.

ಎರರ್ 5

ನನ್ನ ಶನಿವಾರ ರಾತ್ರಿಯನ್ನು ಪೂರ್ತಿ ತಿಂದದ್ದು ಇದು. ಹೆಸರು ಸರಿ, ಪಾಸ್‌ವರ್ಡ್ ಸರಿ, ನಿಗಾ ಖಾತೆ ಅಡ್ಮಿನಿಸ್ಟ್ರೇಟರ್ ಗುಂಪಿನಲ್ಲಿದೆ, ಐಪಿಸಿ$ಗೆ ಹೋದರೆ ಒಳಗೆ ಬಿಡುತ್ತದೆ, ಡಿ$ಗೆ ಹೋದರೆ ಆಕ್ಸೆಸ್ ಈಸ್ ಡಿನೈಡ್. ಪಾಸ್‌ವರ್ಡ್ ಬದಲಿಸಿದೆ, ಖಾತೆ ಅಳಿಸಿ ಮತ್ತೆ ಮಾಡಿದೆ, ಫೋಲ್ಡರಿನ ಸೆಕ್ಯುರಿಟಿ ಟ್ಯಾಬಿನಲ್ಲಿ ಹೆಸರು ಸೇರಿಸಿದೆ. ಏನೂ ಆಗಲಿಲ್ಲ. ಹನ್ನೊಂದು ಗಂಟೆಗೆ ಶಟರ್ ಎಳೆದು ಮನೆಗೆ ಹೋದೆ.

ಮನೆಯಲ್ಲಿ ಓದುತ್ತಾ ಕೂತಾಗ ಗೊತ್ತಾಯಿತು, ಅದು ದೋಷವೇ ಅಲ್ಲ. ವಿಸ್ಟಾ ಬಂದಾಗಿನಿಂದ ಇರುವ ನಿಯಮ. ಎದುರಿಗೆ ಕೂತಾಗ ಅಡ್ಮಿನ್ ಕೆಲಸಕ್ಕೆ ಯುಎಸಿ ಪರದೆ ಬಂದು ಹೌದಾ ಅಂತ ಕೇಳುತ್ತದಲ್ಲ, ನೆಟ್‌ವರ್ಕಿನಿಂದ ಬಂದವರಿಗೆ ಹಾಗೆ ಕೇಳೋಕೆ ಅಲ್ಲಿ ಯಾರೂ ಇರೋದಿಲ್ಲ. ಅದಕ್ಕೆ ಲೋಕಲ್ ಅಡ್ಮಿನ್ ಖಾತೆಯಿಂದ ದೂರದಿಂದ ಬಂದರೆ ಅಡ್ಮಿನ್ ಅಧಿಕಾರವನ್ನು ಬಾಗಿಲಲ್ಲೇ ಕಳಚಿಟ್ಟು, ಸಾಮಾನ್ಯ ಬಳಕೆದಾರ ಅಂತ ಒಳಗೆ ಬಿಡುತ್ತದೆ. ಸಾಮಾನ್ಯ ಬಳಕೆದಾರನಿಗೆ ಡಿ$ ಇಲ್ಲ. ಡೊಮೇನ್, ಅಂದರೆ ಎಲ್ಲರ ಖಾತೆಯನ್ನೂ ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ, ಇರುವ ದೊಡ್ಡ ಆಫೀಸುಗಳಲ್ಲಿ ಡೊಮೇನ್ ಖಾತೆಗಳಿಗೆ ಈ ಕಟ್ಟು ಇಲ್ಲ, ಹಾಗಾಗಿ ಅಲ್ಲಿ ಕೆಲಸ ಮಾಡಿದವರಿಗೆ ಇದು ಎದುರಾಗಿಯೇ ಇರೋದಿಲ್ಲ. ಪ್ರತಿ ಕಂಪ್ಯೂಟರಿಗೂ ಅದರದ್ದೇ ಖಾತೆಗಳಿರುವ ನಮ್ಮಂಥ ವರ್ಕ್‌ಗ್ರೂಪಿನವರಿಗೇ ಈ ಪಾಡು.

ಬಿಡಿಸೋದು ಹೇಗೆ? ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಮ್ ಅಂತ ಇಳಿದು, ಲೋಕಲ್‌ಅಕೌಂಟ್‌ಟೋಕನ್‌ಫಿಲ್ಟರ್‌ಪಾಲಿಸಿ ಅನ್ನುವ ಡಿವರ್ಡ್ ಮಾಡಿ 1 ಹಾಕಬೇಕು. ಭಾನುವಾರ ಬೆಳಿಗ್ಗೆ ಹೋಗಿ ಹಾಕಿದೆ. ರೀಸ್ಟಾರ್ಟ್ ಕೂಡ ಬೇಕಾಗಲಿಲ್ಲ, ಡಿ$ ತೆರೆಯಿತು. ಬಾಗಿಲು ತೆರೆದ ಖುಷಿಯಲ್ಲಿ ಆ ಕಟ್ಟು ಯಾಕಿತ್ತು ಅಂತ ಆಗ ಯೋಚಿಸಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಭಾನುವಾರದ ಮೊದಲ ಕಾಪಿ

ಒಟ್ಟು 640 ಜಿಬಿ ಇತ್ತು. ವಿಂಡೋಸ್‌ನಲ್ಲೇ ಇರುವ ಕಾಪಿ ಮಾಡುವ ಕಮಾಂಡ್ ರೋಬೋಕಾಪಿ ಶುರು ಮಾಡಿದರೆ ಸೆಕೆಂಡಿಗೆ 11 ಎಂಬಿ ಮೇಲೆ ಹೋಗುತ್ತಲೇ ಇಲ್ಲ. ಸ್ವಿಚ್ ನೋಡಿದರೆ ಹಳೇ 100 ಎಂಬಿಪಿಎಸ್‌ನದು. ಆ ಲೆಕ್ಕದಲ್ಲಿ ಹದಿನಾರು ಗಂಟೆ ಬೇಕು. ಗಿಗಾಬಿಟ್ ಸ್ವಿಚ್ ತಂದು ಹಾಕಿದ ಮೇಲೆ ಐದು ಗಂಟೆಯೊಳಗೆ ಮುಗಿಯಿತು.

ರೋಬೋಕಾಪಿಗೆ ನಾನು ಕೊಟ್ಟ ಆದೇಶ: ಒಳಗಿನ ಫೋಲ್ಡರ್‌ಗಳನ್ನೆಲ್ಲ ತಗೋ, ಬೇರೆ ಫೋಲ್ಡರಿಗೆ ಕೈ ತೋರಿಸುವ ಜಂಕ್ಷನ್‌ಗಳನ್ನು ಬಿಡು, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಮತ್ತು ರೀಸೈಕಲ್ ಬಿನ್ ಬಿಡು, ಲಾಗ್ ಬರೆ. ಮಿರರ್ ಆಯ್ಕೆ ಬೇಡವೇ ಬೇಡ. ಮಿರರ್ ಅಂದರೆ ಅಲ್ಲಿ ಅಳಿಸಿದ್ದು ಇಲ್ಲೂ ಅಳಿಯುತ್ತದೆ, ಯಾರೋ ತಪ್ಪಿ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಬ್ಯಾಕಪ್ಪೂ ಅವತ್ತೇ ಹೋಯಿತು ಅಂತ ಲೆಕ್ಕ. ಡಿಸ್ಕ್ ಎರಡು ಇಟ್ಟಿದ್ದೇನೆ, ಶನಿವಾರಕ್ಕೊಮ್ಮೆ ಬದಲಿಸಿ ಒಂದನ್ನು ಕಾಕಾ ಮನೆಗೆ ಒಯ್ಯುತ್ತಾರೆ.

ಇನ್ನೊಂದು ಮಾತು. ಡಿಟಿಪಿಯವರೇ ಬ್ಯಾಕಪ್ ಕಂಪ್ಯೂಟರಿಗೆ ಕಳಿಸುವಂತೆಯೂ ಮಾಡಬಹುದಿತ್ತು. ಆದರೆ ಆಗ ಬ್ಯಾಕಪ್ ಡಿಸ್ಕನ್ನು ಎಲ್ಲರಿಗೂ ತೆರೆದಿಡಬೇಕಾಗುತ್ತದೆ, ಒಬ್ಬರ ಕಂಪ್ಯೂಟರಿಗೆ ಫೈಲ್ ಲಾಕ್ ಮಾಡುವ ವೈರಸ್ ಬಂದರೆ ಅದು ಅಲ್ಲಿಗೂ ಹೋಗಿ ಕೂರುತ್ತದೆ. ಎಳೆದುಕೊಳ್ಳುವ ವ್ಯವಸ್ಥೆಯಲ್ಲಿ ಬ್ಯಾಕಪ್ ಕಂಪ್ಯೂಟರ್ ಏನನ್ನೂ ಶೇರ್ ಮಾಡೋದಿಲ್ಲ.

ಸೋಮವಾರ ರಾತ್ರಿ 9:30ಕ್ಕೆ ತಾನಾಗಿಯೇ ಓಡುವಂತೆ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ ಹಾಕಿ ಬಂದೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಇನ್ನೂ ಓಡುತ್ತಲೇ ಇದೆ! ಡಿಟಿಪಿ3ರಲ್ಲಿ ಒಂದು ಫೈಲನ್ನು ತೆರೆದಿಟ್ಟೇ ಮನೆಗೆ ಹೋಗಿದ್ದರು. ರೋಬೋಕಾಪಿ ಅದನ್ನು ತೆಗೆದುಕೊಳ್ಳಲಾಗದೆ 30 ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಪ್ರಯತ್ನಿಸುತ್ತಾ ನಿಂತಿತ್ತು. ನಾವು ಬೇರೆ ಹೇಳದಿದ್ದರೆ ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ. ಹೌದು, 10 ಲಕ್ಷ, ಅದೇ ಅದರ ಮೂಲ ಲೆಕ್ಕ. ಆರ್ 2, ಡಬ್ಲ್ಯೂ 5 ಅಂತ ಸೇರಿಸಿದೆ, ಐದೈದು ಸೆಕೆಂಡ್ ಬಿಟ್ಟು ಇನ್ನೆರಡು ಸಲ ನೋಡಿ ಮುಂದೆ ಹೋಗುತ್ತದೆ. ಬಿಟ್ಟ ಫೈಲು ಲಾಗಿನಲ್ಲಿ ಬರುತ್ತದೆ. ಹಾಗೆಯೇ, ಶೆಡ್ಯೂಲರಿನಲ್ಲಿ ಕೊನೆಯ ಫಲಿತಾಂಶ 1 ಅಂತ ಬಂದರೆ ಹೆದರಬೇಡಿ. ರೋಬೋಕಾಪಿಯ ಲೆಕ್ಕದಲ್ಲಿ 1 ಅಂದರೆ ಫೈಲುಗಳು ಕಾಪಿಯಾದವು ಅಂತ, 8 ಮತ್ತು ಮೇಲೆ ಬಂದರೆ ಮಾತ್ರ ಏನೋ ತಪ್ಪಿದೆ.

ಎರಡು ದಿನದಲ್ಲಿ ಸಮಯವನ್ನೂ ಬದಲಿಸಿದೆ. ರಾತ್ರಿ ಯಾರೋ ಒಬ್ಬರು ಕಂಪ್ಯೂಟರ್ ಆಫ್ ಮಾಡಿಯೇ ಹೋಗುತ್ತಿದ್ದರು, ಒಮ್ಮೆ ಕರೆಂಟೂ ಹೋಯಿತು. ಈಗ ಮಧ್ಯಾಹ್ನ 1:45ಕ್ಕೆ ಓಡುತ್ತದೆ. ಎಲ್ಲರೂ ಊಟಕ್ಕೆ ಕೂತಿರುತ್ತಾರೆ, ಎಲ್ಲ ಮೆಷಿನ್ನೂ ಆನ್ ಇರುತ್ತವೆ.

ವಾಪಸ್ ತಂದು ನೋಡಿದಾಗ

ಬ್ಯಾಕಪ್ ಮಾಡಿದರೆ ಅರ್ಧ ಕೆಲಸ, ವಾಪಸ್ ತೆರೆದು ನೋಡಬೇಕು. ಒಂದು ಲಗ್ನಪತ್ರಿಕೆಯ ಪೇಜ್‌ಮೇಕರ್ ಫೈಲನ್ನು ಹೊಸದಾಗಿ ಡಿಸ್ಕ್ ಹಾಕಿದ್ದ ಡಿಟಿಪಿ1ಕ್ಕೆ ತಂದು ತೆರೆದೆ. ಪತ್ರಿಕೆಯ ತುಂಬ ಇಂಗ್ಲಿಷ್ ಅಕ್ಷರ, ತಲೆಗೆ ಟೋಪಿ ಹಾಕಿದ ಎ, ಬಾಲ ಇರುವ ಸಿ. ಕಾರಣ ಕನ್ನಡ ಡಿಟಿಪಿಯಲ್ಲಿ ಇರುವವರಿಗೆ ತಕ್ಷಣ ಗೊತ್ತಾಗುತ್ತದೆ: ನುಡಿ ಫಾಂಟ್ ಇರಲಿಲ್ಲ. ಹಳೇ ಫೈಲುಗಳು ಯೂನಿಕೋಡ್ ಅಲ್ಲ, ಕನ್ನಡದ ರೂಪ ಇರೋದು ಫಾಂಟಿನಲ್ಲೇ. ಫಾಂಟ್ ಇಲ್ಲದಿದ್ದರೆ ಫೈಲ್ ಇದ್ದೂ ಇಲ್ಲದಂತೆ.

ಅಡ್ಮಿನ್$ ಇದೆಯಲ್ಲ, ಅಂದರೆ ವಿಂಡೋಸ್ ಫೋಲ್ಡರ್, ಅದರೊಳಗಿನ ಫಾಂಟ್ಸ್‌ಗೆ ಇಲ್ಲಿಂದಲೇ ಹಾಕಿಬಿಡೋಣ ಅಂದುಕೊಂಡೆ. ಫೈಲುಗಳು ಹೋಗಿ ಕೂತವು, ಪೇಜ್‌ಮೇಕರಿನ ಪಟ್ಟಿಯಲ್ಲಿ ಮಾತ್ರ ಬರಲಿಲ್ಲ. ಎದುರಿಗೆ ಕೂತು ಫಾಂಟ್ಸ್ ಫೋಲ್ಡರಿಗೆ ಎಳೆದು ಬಿಟ್ಟಾಗ ವಿಂಡೋಸ್ ಅದನ್ನು ರಿಜಿಸ್ಟ್ರಿಯಲ್ಲೂ ಬರೆಯುತ್ತದೆ. ನೆಟ್‌ವರ್ಕಿನಿಂದ ಹೋದಾಗ ಅದು ಬರೀ ಒಂದು ಫೋಲ್ಡರ್, ಫೈಲ್ ಕಾಪಿಯಾಗುತ್ತದೆ, ಇನ್‌ಸ್ಟಾಲ್ ಆಗೋದಿಲ್ಲ. ಹಾಗಾಗಿ ಡಿ ಡ್ರೈವಿನಲ್ಲಿ ಫಾಂಟ್ ಫೋಲ್ಡರ್ ಹಾಕಿ, ಆ ಮೆಷಿನ್ನಿನ ಮುಂದೆ ಕೂತು ಎಲ್ಲ ಆಯ್ಕೆ ಮಾಡಿ ಇನ್‌ಸ್ಟಾಲ್ ಕೊಟ್ಟೆ. ಪತ್ರಿಕೆ ಸರಿಯಾಗಿ ಕಂಡಿತು.

ಅಕ್ಕಾವ್ರ ಪ್ರಶ್ನೆ

ಡಿಟಿಪಿ2ರಲ್ಲಿ ಕೂರುವ ಅಕ್ಕಾವ್ರು ಆ ಪ್ರೆಸ್ಸಿನಲ್ಲಿ ಎಲ್ಲರಿಗಿಂತ ಹಳಬರು. ನಾನು ಮೂಲೆಯಲ್ಲಿ ಕೂತು ಅವರ ಡಿ$ ತೆರೆದು ಏನೋ ನೋಡುತ್ತಿದ್ದೆ. ಹಿಂದೆ ಬಂದು ನಿಂತರು. "ನನ್ನ ಕಂಪ್ಯೂಟರ್‌ನಾಗಿಂದು ಎಲ್ಲಾ ಇಲ್ಲೇ ಕಾಣಸ್ತದೇನ್ರಿ?" ಅಂದರು. ಅವರ ಡಿಯಲ್ಲಿ ಮಗಳ ಮದುವೆ ಫೋಟೋ ಇದ್ದವು, ಬ್ಯಾಂಕಿನ ಪಾಸ್‌ಬುಕ್ ಸ್ಕ್ಯಾನ್ ಮಾಡಿಟ್ಟಿದ್ದು ಇತ್ತು. ಕೋಪದಿಂದ ಕೇಳಿದ್ದಲ್ಲ. ಆದರೂ ನನಗೆ ಉತ್ತರ ಕೊಡಲಾಗಲಿಲ್ಲ.

ಎಲ್ಲಾ ಕಾಣಿಸುತ್ತದೆ. ಅದೇ ಸಮಸ್ಯೆ. ಒಪ್ಪಿಗೆ ತಗೊಂಡಿದ್ದೆ ಅಂದೆನಲ್ಲ, ಅವರು ಒಪ್ಪಿದ್ದು ಪ್ರೆಸ್ಸಿನ ಕೆಲಸದ ಕಾಪಿಗೆ. ಡಿ$ ಅಂದರೆ ಪೂರ್ತಿ ಡ್ರೈವ್, ಅದೂ ಅಡ್ಮಿನ್ ಅಧಿಕಾರದಲ್ಲಿ, ಓದೋದಷ್ಟೇ ಅಲ್ಲ, ಅಳಿಸಲೂಬಹುದು. ಇದರ ಅನುಮತಿಯನ್ನು ಕಡಿಮೆ ಮಾಡೋಣ ಅಂದರೆ ಆಗೋದಿಲ್ಲ, ಅಡ್ಮಿನ್ ಶೇರ್‌ಗಳ ಅನುಮತಿ ಬದಲಿಸಲು ವಿಂಡೋಸ್ ಬಿಡೋದೇ ಇಲ್ಲ.

ಅವತ್ತು ರಾತ್ರಿ ಆ ರಿಜಿಸ್ಟ್ರಿ ಕಟ್ಟು ಯಾಕಿದೆ ಅಂತ ಕೂತು ಓದಿದೆ. 2008ರಲ್ಲಿ ಬಂದ ಕಾನ್‌ಫಿಕರ್ ವೈರಸ್ ಸುಲಭದ ಪಾಸ್‌ವರ್ಡ್‌ಗಳ ಪಟ್ಟಿ ಇಟ್ಟುಕೊಂಡು ಅಕ್ಕಪಕ್ಕದ ಕಂಪ್ಯೂಟರಿನ ಅಡ್ಮಿನ್$ಗೆ ಒಂದೊಂದೇ ಹಾಕಿ ನೋಡುತ್ತಿತ್ತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ವೈರಸ್ ಒಂದು ಕಂಪ್ಯೂಟರಿನ ಮೆಮೊರಿಯಿಂದ ಅಡ್ಮಿನ್ ಗುರುತನ್ನು ಕದ್ದು, ಅದೇ ಅಡ್ಮಿನ್$ ಮೂಲಕ ಪಕ್ಕದ್ದಕ್ಕೆ ತನ್ನನ್ನು ಕಾಪಿ ಮಾಡಿಕೊಳ್ಳುತ್ತಿತ್ತು. ನಾನು ಮಾಡಿಟ್ಟದ್ದು ಏನು? ಆರು ಕಂಪ್ಯೂಟರಿಗೂ ಒಂದೇ ಹೆಸರಿನ ಅಡ್ಮಿನ್ ಖಾತೆ, ಒಂದೇ ಪಾಸ್‌ವರ್ಡ್, ಕಟ್ಟೂ ಬಿಚ್ಚಿದೆ, ಸಾಲದ್ದಕ್ಕೆ ಆ ಪಾಸ್‌ವರ್ಡನ್ನು ದಿನಾ ಓಡುವ ಕಮಾಂಡ್‌ಗಳಿರುವ ಬ್ಯಾಚ್ ಫೈಲಿನಲ್ಲಿ ಹಾಗೇ ಬರೆದಿದ್ದೇನೆ. ಅದನ್ನು ಯಾರಾದರೂ ತೆರೆದು ಓದಿದರೆ ಇಡೀ ಪ್ರೆಸ್ ಅವರ ಕೈಯಲ್ಲಿ. ಇದನ್ನು ಹೀಗೇ ಬಿಟ್ಟು ಬರುವುದು ಸಾಧ್ಯವೇ ಇರಲಿಲ್ಲ.

ಮತ್ತೆ ಕಟ್ಟಿದ್ದು

ಮುಂದಿನ ಭಾನುವಾರ ಪೂರ್ತಿ ಇದಕ್ಕೇ ಕೊಟ್ಟೆ. ಪ್ರತಿ ಡಿ ಡ್ರೈವಿನಲ್ಲಿ ಕೆಲಸ ಅನ್ನುವ ಒಂದೇ ಫೋಲ್ಡರ್, ಪ್ರೆಸ್ಸಿನದೆಲ್ಲ ಅದರೊಳಗೆ. ಸ್ವಂತದ್ದೆಲ್ಲ ಹೊರಗೆ. ಡೆಸ್ಕ್‌ಟಾಪಿನಲ್ಲಿ ಅದರ ಶಾರ್ಟ್‌ಕಟ್. ಅಭ್ಯಾಸ ಆಗಲು ಒಂದು ವಾರ ಹಿಡಿಯಿತು ಅಷ್ಟೇ.

ಆಮೇಲೆ ನಕಲು ಅಂತ ಒಂದು ಸಾಮಾನ್ಯ ಖಾತೆ, ಅಡ್ಮಿನ್ ಅಲ್ಲ, ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್. ನೆಟ್ ಶೇರ್ ಕಮಾಂಡಿನಲ್ಲಿ ಕೆಲಸ$ ಸಮ ಡಿ:\ಕೆಲಸ, ಗ್ರಾಂಟ್ ನಕಲು, ರೀಡ್. ಹೆಸರಿನ ಕೊನೆಗೆ $ ಹಾಕಿದರೆ ನಾವು ಮಾಡಿದ ಶೇರ್ ಕೂಡ ಪಟ್ಟಿಯಲ್ಲಿ ಕಾಣೋದಿಲ್ಲ. ಶೇರಿನ ಅನುಮತಿ, ಫೋಲ್ಡರಿನ ಅನುಮತಿ ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ, ಹಾಗಾಗಿ ಇಲ್ಲಿಂದ ಓದಬಹುದು, ಬರೆಯಲಾಗದು. ಇದಕ್ಕೆ ಅಡ್ಮಿನ್ ಅಧಿಕಾರ ಬೇಡವಾದ್ದರಿಂದ ಆ ರಿಜಿಸ್ಟ್ರಿ ಮೌಲ್ಯವೂ ಬೇಡ. ಆರೂ ಕಡೆ ಅದನ್ನು ಅಳಿಸಿದೆ, ನಿಗಾ ಖಾತೆಯನ್ನೂ ತೆಗೆದೆ, ಹಳೇ ಎವರಿವನ್ ಶೇರ್‌ಗಳನ್ನೂ ಕಿತ್ತೆ.

ಪಾಸ್‌ವರ್ಡ್‌ಗಳನ್ನು ಬ್ಯಾಚ್ ಫೈಲಿನಿಂದ ತೆಗೆದು ಸಿಎಂಡಿಕೀ ಕಮಾಂಡಿನಿಂದ, ವಿಂಡೋಸ್ ಪಾಸ್‌ವರ್ಡ್‌ಗಳನ್ನು ಕಾಪಾಡಿಡುವ ಕ್ರೆಡೆನ್ಶಿಯಲ್ ಮ್ಯಾನೇಜರಿಗೆ ಹಾಕಿದೆ, ಪ್ರತಿ ಕಂಪ್ಯೂಟರಿಗೆ ಒಂದು. ಟಾಸ್ಕ್ ಓಡುವ ಖಾತೆಯಲ್ಲೇ ಲಾಗಿನ್ ಆಗಿ ಹಾಕಬೇಕು, ಬೇರೆ ಖಾತೆಯಲ್ಲಿ ಹಾಕಿದರೆ ಅದಕ್ಕೆ ಸಿಗೋದಿಲ್ಲ. ಶೆಡ್ಯೂಲರಿನಲ್ಲಿ ಡು ನಾಟ್ ಸ್ಟೋರ್ ಪಾಸ್‌ವರ್ಡ್ ಅನ್ನೋದಕ್ಕೆ ಟಿಕ್ ಇರಬಾರದು, ಇದ್ದರೆ ಟಾಸ್ಕಿಗೆ ನೆಟ್‌ವರ್ಕಿಗೆ ಹೋಗುವ ಗುರುತೇ ಇರೋದಿಲ್ಲ.

ಅಡ್ಮಿನ್ ಶೇರ್‌ಗಳನ್ನೇ ಪೂರ್ತಿ ನಿಲ್ಲಿಸಬೇಕಾ ಅಂತಲೂ ಯೋಚಿಸಿದೆ. ರಿಜಿಸ್ಟ್ರಿಯ ಲ್ಯಾನ್‌ಮ್ಯಾನ್‌ಸರ್ವರ್ ಪ್ಯಾರಾಮೀಟರ್ಸ್‌ನಲ್ಲಿ ಆಟೋಶೇರ್‌ಡಬ್ಲ್ಯೂಕೆಎಸ್ ಅಂತ ಮಾಡಿ 0 ಹಾಕಿದರೆ ಸಿ$, ಡಿ$ ಹುಟ್ಟೋದಿಲ್ಲ. ಬಿಟ್ಟೆ. ಕಟ್ಟು ಮೊದಲಿನಂತೆ ಇದ್ದರೆ ಮಾಮೂಲಿ ಲೋಕಲ್ ಖಾತೆಗಳು ಅಲ್ಲಿಗೆ ಹೇಗೂ ಹೋಗಲಾರವು, ಕೆಲವು ಮೇಲ್ವಿಚಾರಣೆಯ ಸಾಫ್ಟ್‌ವೇರ್‌ಗಳಿಗೆ ಅವು ಬೇಕೂ ಆಗುತ್ತವೆ. ಬಿಲ್ಟ್-ಇನ್ ಅಡ್ಮಿನಿಸ್ಟ್ರೇಟರ್ ಖಾತೆಗೆ ಮಾತ್ರ ಈ ಕಟ್ಟು ಅನ್ವಯಿಸೋದಿಲ್ಲ, ಅದು ಆರೂ ಕಡೆ ಡಿಸೇಬಲ್ ಆಗಿದೆಯಾ ಅಂತ ನೋಡಿಕೊಂಡೆ.

ಎಕ್ಸ್‌ಪಿ ಪ್ಲಾಟರ್ ಮೆಷಿನ್ನನ್ನು ಸೇರಿಸಲಿಲ್ಲ. ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳುವ ಭಾಷೆಗೆ ಎಸ್‌ಎಂಬಿ ಅಂತಾರೆ. ಅದಕ್ಕೆ ಬರೋದು ಹಳೇ ಎಸ್‌ಎಂಬಿ 1 ಮಾತ್ರ, 2017ರ ಮೇನಲ್ಲಿ ಫೈಲ್ ಲಾಕ್ ಮಾಡುವ ವಾನಾಕ್ರೈ ವೈರಸ್ ಹರಡಿದ್ದು ಅದರ ತೂತಿನಿಂದಲೇ. ಅದೊಂದಕ್ಕಾಗಿ ಬ್ಯಾಕಪ್ ಕಂಪ್ಯೂಟರಿನಲ್ಲಿ ಎಸ್‌ಎಂಬಿ 1 ಆನ್ ಮಾಡೋದು ನನಗೆ ಬೇಡ. ಅದರ ನೆಟ್‌ವರ್ಕ್ ವೈರ್ ತೆಗೆದು, ವಾರಕ್ಕೊಮ್ಮೆ ಪೆನ್‌ಡ್ರೈವ್ ಅಂತ ಗೋಡೆಗೆ ಚೀಟಿ ಅಂಟಿಸಿದೆ. ವಿಂಡೋಸ್ 7ಕ್ಕೆ ಎಸ್‌ಎಂಬಿ 2.1 ಬರುತ್ತದೆ, ಅದಕ್ಕೆ ತೊಂದರೆ ಇಲ್ಲ. ಆದರೆ 2020ರ ಜನವರಿಯಿಂದ ಅದಕ್ಕೆ ಅಪ್‌ಡೇಟ್ ನಿಂತಿರೋದರಿಂದ ರೂಟರಿನಲ್ಲಿ ಅದರ ಇಂಟರ್ನೆಟ್ ಕತ್ತರಿಸಿದೆ.

ಮುಗಿದ ಮೇಲೆ ಅಕ್ಕಾವ್ರನ್ನು ಕರೆದು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅವರೇ \\ಡಿಟಿಪಿ2\ಡಿ$ ಅಂತ ಹೊಡೆದರು, ಬಿಡಲಿಲ್ಲ. ಕೆಲಸ$ ಹೊಡೆದರು, ತೆರೆಯಿತು. ಒಂದು ಫೈಲ್ ಡಿಲೀಟ್ ಮಾಡಲು ನೋಡಿದರು, ಆಗಲಿಲ್ಲ. ಎರಡು ಸಲ ಮಾಡಿ ನೋಡಿದ ಮೇಲೆ, "ಫಾಂಟ್ ಫೋಲ್ಡರ್ ಇದರಾಗ ಹಾಕೀರೇನು?" ಅಂತ ಕೇಳಿದರು. ಹಾಕಿರಲಿಲ್ಲ. ಅವತ್ತೇ ಪ್ರತಿ ಕೆಲಸ ಫೋಲ್ಡರಿನೊಳಗೆ ಫಾಂಟ್ ಅಂತ ಒಂದು ಸೇರಿಸಿದೆವು.